ಬಸ್ಸಿನ ಚಾಲಕನೂ ಅರ್ಧ ಗಂಟೆಯ ವಿರಾಮವೂ

ಬೆಳಗಿನ ಆರು ಗಂಟೆಗೆ ಯಲಹಂಕದಲ್ಲಿ ಬಸ್ಸನ್ನೇರುವ ವಿದ್ಯಾರ್ಥಿ ಮೊದಲು ನೋಡುವುದು ಹಣೆಯ ಮೇಲಿನ ಸಂಖ್ಯೆಯನ್ನು. ಆಮೇಲೆ ನೋಡುವುದು ಕಿಟಕಿಯ ಪಕ್ಕದ ಸ್ಥಳವನ್ನು. ಚಾಲಕನ ಮುಖವನ್ನು ನೋಡುವವರು ಕಡಮೆ. ಆ ಬಸ್ಸು ಆರಕ್ಕೆ ಹೊರಡಬೇಕಾದರೆ ಚಾಲಕನು ಅದಕ್ಕಿಂತ ಮುಂಚೆಯೇ ಡಿಪೊವನ್ನು ಮುಟ್ಟಿ, ಹಾಜರಿ ಹಾಕಿ, ಗಾಡಿಯ ಚಕ್ರ, ಬ್ರೇಕು, ದೀಪಗಳನ್ನು ನೋಡಿ ಹೊರಗೆ ತಂದಿರಬೇಕು. ಅವನ ಮನೆ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಲ್ಲಿದ್ದರೆ ನಾಲ್ಕಕ್ಕೆ ಮೊದಲೇ ಎದ್ದಿರಬೇಕು. ನಮ್ಮ ದಿನ ಆರಂಭವಾಗುವ ಹೊತ್ತಿಗೆ ಅವನ ದಿನದ ಎರಡು ಗಂಟೆಗಳು ಕಳೆದಿರುತ್ತವೆ. ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಅವನ ಉಳಿದ ದಿನವನ್ನು. ಅದರಲ್ಲಿಯೂ ಆ ದಿನದ ನಡುವೆ ಅವನಿಗೆ ಸಲ್ಲಬೇಕಾದ ಅರ್ಧ ಗಂಟೆಯ ವಿರಾಮವನ್ನು. ಇಷ್ಟು ಸಣ್ಣ ಸಂಗತಿಗೆ ವಿಜ್ಞಾನದ ಪತ್ರಿಕೆಯಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಸ್ನಾಯು, ನರ, ಹೃದಯ, ಗಡಿಯಾರ, ಗಣಿತ ಇವೆಲ್ಲವೂ ಆ ಅರ್ಧ ಗಂಟೆಯಲ್ಲಿ ಸೇರಿಕೊಂಡಿವೆ ಎಂಬುದನ್ನು ಮುಂದೆ ಕಾಣುವೆವು.

ಬೆಂಗಳೂರಿನ ನಗರ ಸಾರಿಗೆ ಹಳೆಯದು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಎಂಬ ಖಾಸಗಿ ಸಂಸ್ಥೆ ಆರಂಭವಾಯಿತು. 1956ರಲ್ಲಿ ಅದು ಸರ್ಕಾರದ ಕೈಗೆ ಬಂದಿತು. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಎಂಬ ಈಗಿನ ಹೆಸರು ಬಂದಿತು. ನಗರದ ಉತ್ತರ ಭಾಗದಲ್ಲಿ ಯಶವಂತಪುರ, ಹೆಬ್ಬಾಳ, ಯಲಹಂಕಗಳಲ್ಲಿ ಅದರ ಡಿಪೊಗಳಿವೆ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಬಸ್ಸುಗಳಿಗೆ ರಾತ್ರಿಯೆಂಬುದೇ ಇಲ್ಲದಂತಾಗಿದೆ.

2024ರ ನವೆಂಬರ್ 6ರಂದು ನೆಲಮಂಗಲದಿಂದ ಯಶವಂತಪುರಕ್ಕೆ ಬರುತ್ತಿದ್ದ ಬಸ್ಸೊಂದರಲ್ಲಿ, ಗಾಡಿ ಓಡುತ್ತಿದ್ದಂತೆಯೇ ಚಾಲಕನು ಹೃದಯಾಘಾತದಿಂದ ಕುಸಿದನು. ನಿರ್ವಾಹಕನು ಮುಂದೆ ಹಾರಿ ಚಕ್ರವನ್ನು ಹಿಡಿದು ಬಸ್ಸನ್ನು ನಿಲ್ಲಿಸಿದುದರಿಂದ ಪ್ರಯಾಣಿಕರು ಉಳಿದರು, ಚಾಲಕನು ಉಳಿಯಲಿಲ್ಲ. ಬಸ್ಸಿನೊಳಗಿನ ಕ್ಯಾಮರಾ ಸೆರೆಹಿಡಿದ ಆ ಚಿತ್ರವನ್ನು ನಾಡಿನಲ್ಲೆಲ್ಲ ಜನರು ನೋಡಿದರು. ನೋಡಿದವರಲ್ಲಿ ಹಲವರು “ಕೆಲಸದ ಒತ್ತಡವೇ ಕೊಂದಿತು” ಎಂದರು. ಬೇರೆ ಹಲವರು “ಎಲ್ಲರಿಗೂ ಆಗುವುದು ಅವನಿಗೂ ಆಯಿತು” ಎಂದರು. ಎರಡು ಮಾತುಗಳೂ ಅವಸರದವು. ಒಂದು ಮರಣದಿಂದ ಒಂದು ವೃತ್ತಿಯ ಗುಣದೋಷವನ್ನು ನಿರ್ಣಯಿಸಲು ಬಾರದು. ಅದಕ್ಕೆ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಎಣಿಸಬೇಕು. ಅದೃಷ್ಟವಶಾತ್ ಹಾಗೆ ಎಣಿಸಿದವರಿದ್ದಾರೆ, ಮತ್ತು ಅವರು ಎಣಿಸಿದುದು ಬಸ್ಸಿನವರನ್ನೇ.

ಲಂಡನ್ನಿನ ಎರಡು ಬಗೆಯ ಸಿಬ್ಬಂದಿ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೃದಯಕ್ಕೆ ರಕ್ತವನ್ನು ಒಯ್ಯುವ ಧಮನಿಗಳ ರೋಗ ಹೆಚ್ಚುತ್ತಿತ್ತು. ಜೆರೆಮಿ ಮಾರಿಸ್ ಎಂಬ ವೈದ್ಯನು ಅದರ ಕಾರಣವನ್ನು ಹುಡುಕಲು ಪ್ರಯೋಗಶಾಲೆಗೆ ಹೋಗದೆ ಬಸ್ಸಿನ ಸಂಸ್ಥೆಗೆ ಹೋದನು. ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರು ಕೆಲಸಗಾರರು. ಇಬ್ಬರೂ ಒಂದೇ ವರ್ಗದ ಜನ, ಒಂದೇ ರಸ್ತೆ, ಒಂದೇ ಹೊಗೆ. ಆದರೆ ಚಾಲಕನು ದಿನವೆಲ್ಲ ಕುಳಿತಿರುತ್ತಾನೆ. ನಿರ್ವಾಹಕನು ಟಿಕೆಟು ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಾನೆ. ಪ್ರಕೃತಿಯೇ ಏರ್ಪಡಿಸಿದ ಪ್ರಯೋಗವಿದು! ಸುಮಾರು 31,000 ಮಂದಿ ಸಾರಿಗೆ ಕೆಲಸಗಾರರ ರೋಗ ಮತ್ತು ಮರಣಗಳ ದಾಖಲೆಯನ್ನು ಮಾರಿಸನೂ ಅವನ ಸಂಗಡಿಗರೂ ಪರಿಶೀಲಿಸಿ 1953ರಲ್ಲಿ ಫಲಿತವನ್ನು ಪ್ರಕಟಿಸಿದರು. ನಿರ್ವಾಹಕರಲ್ಲಿ ಈ ರೋಗ ಕಡಮೆ. ಬಂದರೂ ತಡವಾಗಿ ಬರುತ್ತಿತ್ತು. ಬಂದವರಲ್ಲಿಯೂ ತತ್‌ಕ್ಷಣದ ಮರಣ ಚಾಲಕರಲ್ಲಿದ್ದಷ್ಟು ಇರಲಿಲ್ಲ.

ಇಲ್ಲಿಗೇ ನಿಂತಿದ್ದರೆ ಕಥೆ ಅಚ್ಚುಕಟ್ಟಾಗಿರುತ್ತಿತ್ತು. ಮಾರಿಸನಿಗೆ ಮಾತ್ರ ಸಮಾಧಾನವಾಗಲಿಲ್ಲ. ಚಾಲಕನ ಕೆಲಸಕ್ಕೆ ಸೇರುವವರೇ ಬೇರೆ ಬಗೆಯ ಮೈಕಟ್ಟಿನವರಾಗಿದ್ದರೆ? ಸಂಸ್ಥೆ ತನ್ನ ನೌಕರರಿಗೆ ಕೊಡುವ ಸಮವಸ್ತ್ರಗಳ ಅಳತೆಯ ಪುಸ್ತಕವನ್ನು ತರಿಸಿ ನೋಡಿದನು. ಚಾಲಕರ ಷರಾಯಿಯ ಸೊಂಟದ ಅಳತೆ ನಿರ್ವಾಹಕರದಕ್ಕಿಂತ ದೊಡ್ಡದು. ಹೊಸದಾಗಿ ಸೇರಿದ ತರುಣರಲ್ಲಿಯೂ ಹಾಗೆಯೇ. ಎಂದರೆ ವ್ಯತ್ಯಾಸದ ಒಂದು ಪಾಲು ಕೆಲಸಕ್ಕೆ ಸೇರುವ ಮೊದಲೇ ಇತ್ತು. 1956ರಲ್ಲಿ ಅದನ್ನೂ ಅವನೇ ಪ್ರಕಟಿಸಿದನು. ತನ್ನ ಸಿದ್ಧಾಂತಕ್ಕೆ ತಾನೇ ಎದುರುವಾದವನ್ನು ಹುಡುಕಿ ತಂದ ಈ ದರ್ಜಿಯ ಲೆಕ್ಕ ನಮಗೆ ಮೊದಲಿನ ಫಲಿತಕ್ಕಿಂತಲೂ ಪ್ರಿಯವಾದುದು. ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅಂಚೆ ಹಂಚುವವರನ್ನೂ ಗುಮಾಸ್ತರನ್ನೂ ಹೋಲಿಸಿದಾಗಲೂ ಮೈಮುರಿದು ಓಡಾಡುವವರಿಗೆ ಅನುಕೂಲವಾದ ಫಲಿತವೇ ಬಂದುದರಿಂದ, ಬಹುಕಾಲ ಕುಳಿತೇ ಇರುವುದು ಹೃದಯಕ್ಕೆ ಹಿತವಲ್ಲವೆಂಬ ಮಾತು ನಿಂತಿತು. ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ಬಸ್ ಚಾಲಕರಲ್ಲಿ ರಕ್ತದ ಒತ್ತಡ ಇತರ ಉದ್ಯೋಗಿಗಳಲ್ಲಿರುವುದಕ್ಕಿಂತ ಹೆಚ್ಚೆಂದು 1987ರಲ್ಲಿ ಕಂಡುಬಂದಿತು.

ಹೃದಯದ ಲೆಕ್ಕ ವರ್ಷಗಳ ಲೆಕ್ಕ. ವಿರಾಮವನ್ನು ಅರಿಯಬೇಕಾದರೆ ಗಂಟೆಗಳ ಲೆಕ್ಕಕ್ಕೆ, ಎಂದರೆ ದಣಿವಿನ ಲೆಕ್ಕಕ್ಕೆ ಬರಬೇಕು.

ದಣಿವನ್ನು ಅಳೆಯುವುದು ಹೇಗೆ?

ದಣಿವು ಎಲ್ಲರಿಗೂ ಗೊತ್ತು, ಅಳೆಯುವುದು ಕಷ್ಟ. ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಎಂಬುವನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದಕ್ಕೊಂದು ಸರಳವಾದ ಯಂತ್ರವನ್ನು ಮಾಡಿದನು. ಕೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ತುದಿಗೆ ತೂಕವನ್ನು ತೂಗುಬಿಟ್ಟು, ತಾಳಕ್ಕೆ ಸರಿಯಾಗಿ ಅದನ್ನು ಎತ್ತುತ್ತಿರಬೇಕು. ಪ್ರತಿ ಬಾರಿ ಎಷ್ಟು ಎತ್ತರಕ್ಕೆ ಎತ್ತಿತೆಂಬುದು ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆಗಳು ಕ್ರಮವಾಗಿ ಗಿಡ್ಡವಾಗುತ್ತ ಬಂದು ಕೊನೆಗೆ ಬೆರಳು ಏಳುವುದೇ ಇಲ್ಲ.

ಮೊಸ್ಸೊವಿನ ಸಹಾಯಕ ಮಜ್ಜೋರಾ ಎಂಬುವನು ಇದೇ ಯಂತ್ರದಿಂದ ಒಂದು ವಿಚಿತ್ರವನ್ನು ಕಂಡನು. ಒಬ್ಬನು ಮೂವತ್ತು ಬಾರಿ ಎತ್ತಿ ಪೂರ್ತಿ ಸೋತರೆ ಅವನ ಬೆರಳು ಮತ್ತೆ ಮೊದಲಿನಂತಾಗಲು ಎರಡು ಗಂಟೆ ಬೇಕು. ಅವನೇ ಹದಿನೈದಕ್ಕೆ ನಿಲ್ಲಿಸಿದರೆ ಎಷ್ಟು ಬೇಕು? ತ್ರೈರಾಶಿಯಿಂದ ಒಂದು ಗಂಟೆ ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅರ್ಧ ಗಂಟೆ ಸಾಕಾಯಿತು. ಕೆಲಸ ಅರ್ಧವಾದರೆ ಬೇಕಾಗುವ ವಿಶ್ರಾಂತಿ ಕಾಲುಭಾಗವಾಯಿತು! ಸೋತ ಮೇಲೆ ಎತ್ತುವ ಒಂದೊಂದು ಎತ್ತೂ ಮೊದಲಿನ ಎತ್ತುಗಳಿಗಿಂತ ಹೆಚ್ಚು ಸಾಲವನ್ನು ಹೊರಿಸುತ್ತದೆ. ಆದುದರಿಂದ ವಿರಾಮದ ಬೆಲೆ ಅದು ಎಷ್ಟು ಉದ್ದವೆಂಬುದರ ಮೇಲೆ ನಿಂತಿರುವಂತೆ ಯಾವ ಹೊತ್ತಿನಲ್ಲಿ ಬಂದಿತೆಂಬುದರ ಮೇಲೆಯೂ ನಿಂತಿದೆ.

ಚಾಲಕನ ಸ್ನಾಯುಗಳಿಗೆ ಇದನ್ನು ಅನ್ವಯಿಸಿ ನೋಡೋಣ. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಬರುವಾಗ ನಿಲ್ದಾಣ, ಸಿಗ್ನಲ್ಲು, ಅಡ್ಡಬಂದ ಆಟೋ ಎಲ್ಲ ಸೇರಿ ನಲವತ್ತು ಬಾರಿ ನಿಂತು ಹೊರಡಬೇಕಾಯಿತೆಂದು ಇಟ್ಟುಕೊಳ್ಳಿರಿ. ಪ್ರತಿ ಬಾರಿಯೂ ಮೂರು ಗೇರುಗಳನ್ನಾದರೂ ಬದಲಿಸಬೇಕು. ಎಂದರೆ ಎಡಗಾಲು ಕ್ಲಚ್ಚನ್ನು 120 ಬಾರಿ ತುಳಿಯಿತು. ದಿನಕ್ಕೆ ಆರು ಟ್ರಿಪ್ಪುಗಳಾದರೆ 720 ಬಾರಿ. ಇಂಜಿನ್ನು ಮುಂಭಾಗದಲ್ಲಿರುವ ಬಸ್ಸಾದರೆ ಅದರ ಕಾವೂ ಗದ್ದಲವೂ ಚಾಲಕನ ಪಕ್ಕದಲ್ಲಿಯೇ ಇರುತ್ತವೆ. ಕ್ಲಚ್ಚಿಲ್ಲದ ವಿದ್ಯುತ್ ಬಸ್ಸುಗಳು ಈಗ ಉತ್ತರ ಭಾಗದಲ್ಲಿಯೂ ಓಡುತ್ತಿರುವುದರಿಂದ ಎಡಗಾಲಿನ ಈ ದಂಡನೆ ಅಷ್ಟರಮಟ್ಟಿಗೆ ತಪ್ಪಿದೆ. ಬೆನ್ನು, ಕತ್ತು, ಭುಜಗಳ ಕಷ್ಟ ಮಾತ್ರ ತಪ್ಪಿಲ್ಲ. ಅಲ್ಲಿನ ಸ್ನಾಯುಗಳು ಚಲಿಸದೆ ಬಿಗಿದುಕೊಂಡೇ ಕೆಲಸಮಾಡುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯದು. ಆದುದರಿಂದ ನಡೆಯುವವನ ಕಾಲಿಗಿಂತ ಕುಳಿತವನ ಕತ್ತು ಬೇಗ ನೋಯುತ್ತದೆ. ಇದಕ್ಕೆ ಮದ್ದು ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯುವುದು. ಇನ್ನು ಶೌಚದ ವಿಷಯ. ಅದನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ. ಕೊನೆಯ ನಿಲ್ದಾಣದಲ್ಲಿ ಶೌಚಾಲಯವಿಲ್ಲದಿದ್ದರೆ, ಇದ್ದರೂ ಹೋಗಿಬರಲು ಹೊತ್ತಿಲ್ಲದಿದ್ದರೆ, ಚಾಲಕನು ನೀರು ಕುಡಿಯುವುದನ್ನೇ ಕಡಮೆಮಾಡುತ್ತಾನೆ. ನಿರ್ವಾಹಕಿಯಾಗಿರುವ ಹೆಣ್ಣುಮಗಳು ಇನ್ನಷ್ಟು ಕಡಮೆಮಾಡುತ್ತಾಳೆ. ಬೇಸಗೆಯಲ್ಲಿ ಬೆವರಿನಿಂದ ನೀರು ಹೋಗುತ್ತಿರುವಾಗಲೇ ಹೀಗೆ ಮಾಡುವುದು ಮೂತ್ರಪಿಂಡಗಳಿಗೆ ಅಪಾಯಕರ.

ಕಣ್ಣಿದ್ದೂ ಕಾಣದಿರುವುದು

ಸ್ನಾಯುವಿಗಿಂತ ಮೊದಲು ಸೋಲುವುದು ಎಚ್ಚರ. ಯುದ್ಧಕಾಲದಲ್ಲಿ ಬ್ರಿಟಿಷ್ ವಿಮಾನದಳದ ರೇಡಾರ್ ಕಾವಲಿನವರು ಪರದೆಯ ಮೇಲೆ ಬಂದ ಗುರುತನ್ನು ನೋಡುತ್ತಿದ್ದೂ ಕಾಣದೆ ಹೋಗುತ್ತಿದ್ದರು. ಕೇಂಬ್ರಿಜ್ಜಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷಿಸಲು ಒಂದು ವಿಶೇಷ ಗಡಿಯಾರವನ್ನು ಮಾಡಿದನು. ಅದರ ಮುಳ್ಳು ಕ್ಷಣಕ್ಕೊಂದು ಹೆಜ್ಜೆ ಇಡುತ್ತದೆ. ಅಪರೂಪಕ್ಕೊಮ್ಮೆ ಒಂದೇ ಸಲಕ್ಕೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ನೋಡುವವನು ಗುಂಡಿ ಒತ್ತಬೇಕು. ಎರಡು ಗಂಟೆಗಳ ಕಾಲ ಇಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲಿ ಆರು ಹಾರಿಕೆಗಳಲ್ಲಿ ಸುಮಾರು ಒಂದು ತಪ್ಪಿಹೋಗುತ್ತಿತ್ತು. ಆಮೇಲೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿರಾಮ ಎಂದು ಬದಲಿಸಿದಾಗ ಈ ಇಳಿತ ಕಾಣಲಿಲ್ಲ. 1948ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಎಚ್ಚರವನ್ನು ಕುರಿತ ಒಂದು ಶಾಸ್ತ್ರವೇ ಬೆಳೆಯಿತು.

ಬೆಂಗಳೂರಿನ ರಸ್ತೆ ಮ್ಯಾಕ್‌ವರ್ತನ ಗಡಿಯಾರದಂತೆ ನೀರಸವಲ್ಲವಲ್ಲ ಎಂದು ವಾಚಕರು ನಗಬಹುದು. ಹೌದು, ಹೆಬ್ಬಾಳದ ಕೆಳಗಿನ ಕೂಡುರಸ್ತೆಯಲ್ಲಿ ನೀರಸತೆಯ ಮಾತೇ ಇಲ್ಲ. ಅಲ್ಲಿ ಕಣ್ಣಿಗೆ ಬೀಳುವ ಸಂಗತಿಗಳು ಬೇಕಾದುದಕ್ಕಿಂತ ಹೆಚ್ಚು, ಮತ್ತು ಹೆಚ್ಚಾದರೂ ಎಚ್ಚರ ಸೋಲುತ್ತದೆ. ಅಲ್ಲಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ಎತ್ತರದ ರಸ್ತೆಯನ್ನು ನಡುರಾತ್ರಿಯಲ್ಲಿ ಹತ್ತಿದರೆ ಮ್ಯಾಕ್‌ವರ್ತನ ಗಡಿಯಾರವೇ ಎದುರಿಗಿರುತ್ತದೆ. ಒಬ್ಬ ಚಾಲಕನು ಒಂದೇ ಪಾಳಿಯಲ್ಲಿ ಎರಡನ್ನೂ ಕಾಣಬಹುದು.

ಎಚ್ಚರದ ಸೋಲು ರಸ್ತೆಯ ಮೇಲೆ ಎಷ್ಟು ಅಡಿಯಾಗುತ್ತದೆ? ಗಂಟೆಗೆ 40 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 11.1 ಮೀಟರು. ಮಗುವೊಂದು ಅಡ್ಡ ಓಡಿಬಂದುದನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ಕೆಲಸಮಾಡುವುದಕ್ಕೆ ಮೊದಲೇ ಬಸ್ಸು 11 ಮೀಟರು ಮುಂದೆ ಬಂದಿರುತ್ತದೆ. ದಣಿವಿನಿಂದ ಇನ್ನು ಅರ್ಧ ಸೆಕೆಂಡು ತಡವಾದರೆ ಮತ್ತೂ ಐದೂವರೆ ಮೀಟರು, ಸುಮಾರು ಹದಿನೆಂಟು ಅಡಿ. ದೊಡ್ಡ ಬಸ್ಸಿನ ಉದ್ದ 12 ಮೀಟರೆಂಬುದನ್ನು ನೆನೆದರೆ, ಹೆಚ್ಚುವರಿಯಾಗಿ ಹೋದ ದೂರ ಅರ್ಧ ಬಸ್ಸಿನಷ್ಟು.

ಇನ್ನು ನಿದ್ದೆ. 1938ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಯೂ ಅವನ ಶಿಷ್ಯ ರಿಚರ್ಡ್‌ಸನ್ನನೂ ಅಮೆರಿಕದ ಮ್ಯಾಮತ್ ಗವಿಯೊಳಗೆ ಒಂದು ತಿಂಗಳಿಗೂ ಮೇಲ್ಪಟ್ಟು ವಾಸಮಾಡಿ 28 ಗಂಟೆಗಳ ದಿನಕ್ಕೆ ಹೊಂದಿಕೊಳ್ಳಲು ಯತ್ನಿಸಿದರು. ತರುಣನಾದ ಶಿಷ್ಯನು ಹೊಂದಿಕೊಂಡನು. ಗುರುವಿನ ಮೈಕಾವು 24 ಗಂಟೆಗಳ ಏರಿಳಿತವನ್ನು ಬಿಡಲೇ ಇಲ್ಲ. ಮೈಯೊಳಗಿನ ಈ ಗಡಿಯಾರ ಬೆಳಗಿನ ಜಾವದಲ್ಲಿ ಎಚ್ಚರವನ್ನು ತಳಕ್ಕೆ ಇಳಿಸುತ್ತದೆ. ಮಧ್ಯಾಹ್ನ ಊಟದ ಮೇಲೆ ಮತ್ತೆ ಸ್ವಲ್ಪ ಇಳಿಸುತ್ತದೆ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬುವರು 1997ರಲ್ಲಿ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವನ ಕೈ ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರವಿರುವವನಿಗೆ ಸಮನಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಒಪ್ಪುವ ಮಿತಿ 0.03. ಕುಡಿದವನನ್ನು ಹಿಡಿಯಲು ಪೊಲೀಸರ ಬಳಿ ಊದುವ ಯಂತ್ರವಿದೆ. ನಿದ್ದೆಗೆಟ್ಟವನನ್ನು ಹಾಗೆ ಊದಿಸಿ ಹಿಡಿಯಲಾಗುವುದಿಲ್ಲ.

ಕಾನೂನಿನ ಅರ್ಧ ಗಂಟೆ, ರಸ್ತೆಯ ಅರ್ಧ ಗಂಟೆ

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ನಮ್ಮ ದೇಶದಲ್ಲಿ ಜಾರಿಯಲ್ಲಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ; ಐದು ಗಂಟೆಗಳ ಕೆಲಸವಾಗುವುದರೊಳಗೆ ಕಡೆಯಪಕ್ಷ ಅರ್ಧ ಗಂಟೆಯ ವಿರಾಮ; ವಿರಾಮವೂ ಸೇರಿ ಇಡೀ ದಿನದ ಹರವು 12 ಗಂಟೆಗೆ ಮೀರಬಾರದು; ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವುದರ ನಡುವೆ ಒಟ್ಟಿಗೆ ಒಂಬತ್ತು ಗಂಟೆಯಾದರೂ ಇರಬೇಕು. ಇವು ಅದರ ಮುಖ್ಯ ವಿಧಿಗಳು. ದೂರದ ಮಾರ್ಗ, ಜಾತ್ರೆ ಹಬ್ಬಗಳಿಗೆ ವಿನಾಯಿತಿಯಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2020ರ ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಎಂಟು ಗಂಟೆಯ ಮಿತಿ ಅದರಲ್ಲಿಯೂ ಇದೆ. ವಿರಾಮವೆಷ್ಟು, ಹರವೆಷ್ಟು ಎಂಬುದನ್ನು ಸರ್ಕಾರಗಳು ಅಧಿಸೂಚನೆಯ ಮೂಲಕ ಗೊತ್ತುಮಾಡಬೇಕಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1979ರಲ್ಲಿ ಮಾಡಿದ ಒಪ್ಪಂದ ಇನ್ನೂ ಬಿಗಿಯಾದುದು: ಎಡೆಬಿಡದೆ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಗಾಡಿ ನಡೆಸಕೂಡದೆಂದು ಅದು ಹೇಳುತ್ತದೆ.

1961ರ ಕಾಯಿದೆಯಲ್ಲಿ ಒಂದು ಸೂಕ್ಷ್ಮವಿತ್ತು. ಕೊನೆಯ ನಿಲ್ದಾಣದಲ್ಲಿ ಮುಂದಿನ ಟ್ರಿಪ್ಪಿಗಾಗಿ ಕಾಯುವ ಹೊತ್ತು ಹದಿನೈದು ನಿಮಿಷಕ್ಕಿಂತ ಕಡಮೆಯಾದರೆ ಅದನ್ನು ಕೆಲಸವೆಂದೇ ಎಣಿಸಬೇಕು, ವಿಶ್ರಾಂತಿಯೆಂದಲ್ಲ. ಕಾಯಿದೆ ಬರೆದವರಿಗೆ ಮಜ್ಜೋರಾನ ಬೆರಳಿನ ಕಥೆ ಗೊತ್ತಿತ್ತೋ ಇಲ್ಲವೋ. ನಿಂತ ಬಸ್ಸಿನಲ್ಲಿ ಕುಳಿತು ಗಡಿಯಾರ ನೋಡುವುದು ವಿಶ್ರಾಂತಿಯಲ್ಲವೆಂಬುದಂತೂ ಗೊತ್ತಿತ್ತು.

ಈಗ ಕಾಗದದ ಮೇಲೆ ಒಂದು ವೇಳಾಪಟ್ಟಿಯನ್ನು ಬರೆಯೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಇಟ್ಟುಕೊಂಡವು. ಯಲಹಂಕದಿಂದ ಮೆಜೆಸ್ಟಿಕ್ಕಿಗೆ 18 ಕಿಲೋಮೀಟರು, ವೇಗ ಗಂಟೆಗೆ 18 ಕಿಲೋಮೀಟರು, ಟ್ರಿಪ್ಪಿಗೆ 60 ನಿಮಿಷ, ಟ್ರಿಪ್ಪುಗಳ ನಡುವೆ 10 ನಿಮಿಷ. ಮೊದಲನೆಯದು 6-00ಕ್ಕೆ, ಎರಡನೆಯದು 7-10ಕ್ಕೆ, ಮೂರನೆಯದು 8-20ಕ್ಕೆ, ನಾಲ್ಕನೆಯದು 9-30ಕ್ಕೆ ಹೊರಟು 10-30ಕ್ಕೆ ಮುಟ್ಟುತ್ತದೆ. ಅಲ್ಲಿಂದ 11-00ರವರೆಗೆ ವಿರಾಮ. ಕಾಗದದ ಮೇಲೆ ಯಾವ ತಪ್ಪೂ ಇಲ್ಲ.

ರಸ್ತೆಯ ಮೇಲೆ ಏನಾಗುತ್ತದೆ? ಮೊದಲ ಟ್ರಿಪ್ಪು ಸರಿಯಾದ ಹೊತ್ತಿಗೆ ಮುಟ್ಟಿತು. ಎರಡನೆಯದಕ್ಕೆ 66 ನಿಮಿಷ ಹಿಡಿಯಿತು; 8-16ಕ್ಕೆ ಮುಟ್ಟಿ ನಾಲ್ಕೇ ನಿಮಿಷದಲ್ಲಿ ಮತ್ತೆ ಹೊರಟಿತು. ಮೂರನೆಯದು ಶಾಲೆ ಕಚೇರಿಗಳ ಹೊತ್ತು. ಹೆಬ್ಬಾಳದಲ್ಲಿ ನಿಂತು ನಿಂತು 72 ನಿಮಿಷವಾಗಿ 9-32ಕ್ಕೆ ಮುಟ್ಟಿತು. ಹೊರಡಬೇಕಾದ ಹೊತ್ತು ಆಗಲೇ ಎರಡು ನಿಮಿಷ ಕಳೆದಿತ್ತು, ಆದುದರಿಂದ ಚಾಲಕನು ಇಳಿಯದೆಯೇ ಹೊರಟನು. ನಾಲ್ಕನೆಯದು 75 ನಿಮಿಷ, ಮುಟ್ಟಿದುದು 10-47ಕ್ಕೆ. ಮುಂದಿನ ಟ್ರಿಪ್ಪು 11-00ಕ್ಕೆ. ಉಳಿದ ವಿರಾಮ 13 ನಿಮಿಷ, ಹಳೆಯ ಕಾಯಿದೆಯ ಪ್ರಕಾರ ವಿರಾಮವೇ ಅಲ್ಲದ ಹದಿಮೂರು ನಿಮಿಷ. ಅಷ್ಟರಲ್ಲಿ ಅವನು ಕೈತೊಳೆದು, ಊಟದ ಡಬ್ಬಿ ಬಿಚ್ಚಿ, ತಿಂದು, ನೀರು ಕುಡಿದು ಬರಬೇಕು. ನಾಲ್ಕೂ ಮುಕ್ಕಾಲು ಗಂಟೆಯಲ್ಲಿ ರಸ್ತೆ ತಿಂದುದು 33 ನಿಮಿಷ. ಅದರಲ್ಲಿ 17 ನಿಮಿಷ ಅವನ ಊಟದ ಹೊತ್ತು.

ಇಲ್ಲಿ ಯಾರೂ ವಿರಾಮವನ್ನು ಕಿತ್ತುಕೊಳ್ಳಲಿಲ್ಲ. ಯಾವ ಅಧಿಕಾರಿಯೂ ಆಜ್ಞೆಮಾಡಲಿಲ್ಲ. ಚಾಲಕನು ಹಟಹಿಡಿದು ಅರ್ಧ ಗಂಟೆ ಕುಳಿತರೆ 11-00ರ ಬಸ್ಸು 11-17ಕ್ಕೆ ಹೊರಡುತ್ತದೆ; ನಿಲ್ದಾಣದಲ್ಲಿ ಕಾದುನಿಂತ ನಾವೇ ಬಯ್ಯುತ್ತೇವೆ; ದಿನದ ಕೊನೆಯಲ್ಲಿ ಒಂದು ಟ್ರಿಪ್ಪು ತಪ್ಪಿಹೋಗುತ್ತದೆ. ತಪ್ಪಿರುವುದು ಪಟ್ಟಿಯಲ್ಲಿ. ರಸ್ತೆಯ ತಡಕ್ಕೂ ಚಾಲಕನ ವಿಶ್ರಾಂತಿಗೂ ಒಂದೇ ಚೀಲದಿಂದ ಹೊತ್ತನ್ನು ಕೊಟ್ಟರೆ ರಸ್ತೆ ಮೊದಲು ತೆಗೆದುಕೊಳ್ಳುತ್ತದೆ, ಮಿಕ್ಕುದು ಚಾಲಕನಿಗೆ. ಟಾಮ್‌ಟಾಮ್ ಎಂಬ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ ಹತ್ತು ಕಿಲೋಮೀಟರು ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ನಿಲ್ದಾಣಗಳಲ್ಲಿ ನಿಲ್ಲಬೇಕಾಗಿಲ್ಲದ ಗಾಡಿಯೇ ಹೀಗಾದರೆ ಬಸ್ಸಿನ ಪಾಡು ಹೇಳಬೇಕಾಗಿಲ್ಲ.

ಇದಕ್ಕೆ ಉಪಾಯ ತಿಳಿಯದೆ ಇಲ್ಲ. ಪಟ್ಟಿ ಮಾಡುವವರು ಟ್ರಿಪ್ಪಿನ ಕಾಲಕ್ಕೆ ಸರಾಸರಿಯನ್ನು ತೆಗೆದುಕೊಂಡರೆ, ಸುಮಾರಾಗಿ ಎರಡರಲ್ಲೊಂದು ಬಸ್ಸು ತಡವಾಗಿಯೇ ಮುಟ್ಟುತ್ತದೆ. ಸರಾಸರಿಯ ಸ್ವಭಾವವೇ ಅದು. ಹತ್ತರಲ್ಲಿ ಒಂಬತ್ತು ಟ್ರಿಪ್ಪುಗಳು ಎಷ್ಟು ಹೊತ್ತಿನೊಳಗೆ ಮುಗಿಯುತ್ತವೆಯೋ ಅದನ್ನು ಹಿಡಿದು, ಆ ಹೊತ್ತಿಗೂ ಸರಾಸರಿಗೂ ಇರುವ ಅಂತರವನ್ನು ತಡದ ಲೆಕ್ಕಕ್ಕೆ ಬೇರೆಯಾಗಿ ಬರೆದು, ಅರ್ಧ ಗಂಟೆಯನ್ನು ಅದಕ್ಕೆ ತಾಗದಂತೆ ಇಡಬೇಕು. ನಮ್ಮ ನಗರದ ಬಸ್ಸುಗಳು ಎಲ್ಲಿವೆಯೆಂದು ಉಪಗ್ರಹದ ನೆರವಿನಿಂದ ತಿಳಿಯುವ ಏರ್ಪಾಟು 2016ರಿಂದಲೇ ಇರುವುದರಿಂದ ಅಂಕಿಗಳಿಗೆ ಬಡತನವಿಲ್ಲ. ಖರ್ಚೂ ಇದೆ ಎಂಬುದನ್ನು ಮುಚ್ಚಿಡಬಾರದು. ನಮ್ಮ ಪಟ್ಟಿಯಲ್ಲಿ ಟ್ರಿಪ್ಪಿಗೆ ಹತ್ತು ನಿಮಿಷ ಕೂಡಿಸಿದರೆ ದಿನಕ್ಕೆ ಆರು ಟ್ರಿಪ್ಪಿಗೆ ಒಂದು ಗಂಟೆಯಾಯಿತು. ಅಷ್ಟೇ ಬಸ್ಸುಗಳನ್ನು ಓಡಿಸಲು ಹೆಚ್ಚು ಗಾಡಿಯೂ ಹೆಚ್ಚು ಚಾಲಕರೂ ಬೇಕು. ಬಸ್ಸಿಗೆಂದೇ ಪ್ರತ್ಯೇಕ ದಾರಿಯನ್ನು ಬಿಟ್ಟರೆ ಟ್ರಿಪ್ಪಿನ ಕಾಲದ ಏರುಪೇರು ತಗ್ಗಿ ಈ ಖರ್ಚು ಉಳಿಯುತ್ತದೆ. ಎರಡರಲ್ಲಿ ಒಂದನ್ನು ನಗರ ಕೊಡಲೇಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಬಹುದು. ಯಶವಂತಪುರ ಅಥವಾ ಯಲಹಂಕದಲ್ಲಿ ಟ್ರಿಪ್ಪು ಮುಗಿದು ಮತ್ತೆ ಆರಂಭವಾಗುವ ಜಾಗದಲ್ಲಿ, ದಾರಿಗೆ ಅಡ್ಡವಾಗದಂತೆ ಒಂದು ಕಡೆ ಕುಳಿತು, ಒಂದು ಪುಸ್ತಕದಲ್ಲಿ ಮೂರು ಕಂಬಸಾಲುಗಳನ್ನು ಎಳೆಯಿರಿ: ಬಸ್ಸು ಬಂದ ಹೊತ್ತು, ಚಾಲಕನು ಆಸನ ಬಿಟ್ಟು ಇಳಿದ ಹೊತ್ತು, ಬಸ್ಸು ಮತ್ತೆ ಹೊರಟ ಹೊತ್ತು. ಚಾಲಕನ ಹೆಸರಾಗಲಿ ಗಾಡಿಯ ನೋಂದಣಿ ಸಂಖ್ಯೆಯಾಗಲಿ ಬೇಕಾಗಿಲ್ಲ. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಬರೆದರೆ ಒಂದು ಮಾರ್ಗದಲ್ಲಿ ಹತ್ತಿಪ್ಪತ್ತು ಸಾಲುಗಳು ದೊರೆಯುತ್ತವೆ. ಬಂದ ಹೊತ್ತಿಗೂ ಹೊರಟ ಹೊತ್ತಿಗೂ ನಡುವಣ ನಿಮಿಷಗಳನ್ನು ಕಳೆದು, ಗಂಟೆ ಕಳೆದಂತೆ ಅವು ಹೇಗೆ ಕುಗ್ಗುತ್ತವೆ ಎಂಬುದನ್ನು ಗ್ರಾಫಿನ ಕಾಗದದ ಮೇಲೆ ಗುರುತಿಸಿರಿ. ಎರಡನೆಯ ಕಂಬಸಾಲು ಖಾಲಿ ಉಳಿದ ಸಾಲುಗಳೆಷ್ಟೆಂಬುದನ್ನು ಬೇರೆಯಾಗಿ ಎಣಿಸಿಕೊಳ್ಳಿರಿ.